ಒಳ್ಗೋದ ಹುಡುಗ

1999ರ ಸೆಪ್ಟೆಂಬರ್ 20, ಸೋಮವಾರ. ರಂಗಮ್ಮ ಠಾಣೆಯ ಮೆಟ್ಟಿಲು ಹತ್ತಿ ಬಂದಾಗ ಕಾನ್‌ಸ್ಟೇಬಲ್ ಮಹದೇವು ಟೀ ಲೋಟ ಕೆಳಗಿಟ್ಟು ಎದ್ದು ನಿಂತ. ಆಕೆ ಬಂದರೆ ಠಾಣೆಯ ಹಳಬರೆಲ್ಲ ಹಾಗೆ ಎದ್ದು ನಿಲ್ಲುತ್ತಿದ್ದರು. ಅವರ ಕೈಲಿ ಮಾಡಲು ಬೇರೇನೂ ಉಳಿದಿರಲಿಲ್ಲ. ಆಕೆಯ ಒಬ್ಬನೇ ಮಗ ಮಣಿಕಂಠ, ಹತ್ತನೇ ತರಗತಿಯ ಹುಡುಗ, 1995ರ ಜನವರಿಯ ಒಂದು ಸಂಜೆ ಮನೆಯಿಂದ ಹೊರಟವನು ಮತ್ತೆ ಬಂದಿರಲಿಲ್ಲ.

ಇನ್ಸ್‌ಪೆಕ್ಟರ್ ಪ್ರಭುಸ್ವಾಮಿ ಈ ಠಾಣೆಗೆ ಹೊಸಬರು. ಕುರ್ಚಿ ತೋರಿಸಿ, "ಏನಮ್ಮ ದೂರು?" ಎಂದರು.

"ದೂರಲ್ಲ ಸಾ, ಒಂದ್ ಮಾತು ಕೇಳವಾ ಅಂತ ಬಂದಿ. ಮಾರ್ಲಾಮಿ ಅಮಾಸೆ ಬತ್ತಾ ಅದೆ. ಸತ್ತೋರ್ಗೆಲ್ಲ ಎಡೆ ಇಡ್ಬೇಕು. ನನ್ ಮಗುನ್ಗೆ ಇಡ್ಲಾ, ಬ್ಯಾಡ್ವಾ?"

ಪ್ರಭುಸ್ವಾಮಿ ತೆಗೆದಿದ್ದ ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿದರು.

"ಬದ್ಕಿರೋನ್ಗೆ ಎಡೆ ಇಟ್ರೆ ಎತ್ತವ್ವನೇ ಕೊಂದಂಗೆ. ಸತ್ತೋನ್ಗೆ ಇಡ್ದೇ ಓದ್ರೆ ಅಸ್ಕಂಡು ಬಾಗ್ಲಲ್ಲೇ ನಿಂತಿರ್ತಾನೆ. ಯಾವ್ದು ಅಂತ ಏಳ್ಬುಡಿ ಸಾ. ಇನ್ನೇನೂ ಕೇಳಕಿಲ್ಲ ನಾನು."

"ಹಬ್ಬದೊಳಗೆ ಹೇಳುತ್ತೇನೆ" ಎಂದುಬಿಟ್ಟರು ಪ್ರಭುಸ್ವಾಮಿ. ಆಕೆ ಹೋದ ಮೇಲೆ ಮಹದೇವು ಮೆಲ್ಲಗೆ, "ಮುಂಚೆ ಇದ್ದ ಸಾಯೇಬ್ರೂ ಇಂಗೇ ಮಾತು ಕೊಟ್ಟಿದ್ರು ಸಾ" ಅಂದ.

ಹಳೆಯ ಎಫ್‌ಐಆರ್ ತೆಗೆಸಿದರು. ಊರಿನವರ ಬಾಯಲ್ಲಿದ್ದುದು ಮೂರು ಮಾತು. ಒಂದು, ಹುಡುಗ ಸುವರ್ಣಾವತಿ ಹೊಳೆಯಲ್ಲಿ ಮುಳುಗಿದ. ಅವನನ್ನು ಕೊನೆಗೆ ಕಂಡ ಚನ್ನಮಲ್ಲಮ್ಮ ಎಂಬ ಮುದುಕಿ, ಅವನು ಹೊಳೆಗೆ ಹೋದನೆಂದು ಹೇಳಿದ್ದಳು. ಆಗಿನ ಇನ್ಸ್‌ಪೆಕ್ಟರು ಕರಾವಳಿಯವರು, ನೀರು ಬಲ್ಲವರು. ತೆಪ್ಪ ಬಿಟ್ಟು, ಬಲೆ ಎಳೆಸಿ ಹುಡುಕಿಸಿದ್ದರು. ಹೆಣ ಸಿಕ್ಕಿರಲಿಲ್ಲ. ಎರಡು, ಹುಡುಗ ತಿರುಪ್ಪೂರಿಗೆ ಓಡಿಹೋಗಿ ಬನಿಯನ್ ಫ್ಯಾಕ್ಟರಿ ಸೇರಿದ್ದಾನೆ. ರಂಗಮ್ಮನ ಅಣ್ಣ ಪುಟ್ಟಸಿದ್ದಯ್ಯ, ಯಾರೋ ಕಂಡರಂತೆ ಎಂದು ತಾನೇ ಅಲ್ಲಿಗೆ ಹೋಗಿ ಅಲೆದು ಬಂದಿದ್ದ. ಮೂರು, ದೀಪ ಎಂಬ ಹುಡುಗಿಯ ಸಹವಾಸಕ್ಕೆ ಅವಳ ಕಡೆಯವರೇ ಏನೋ ಮಾಡಿಬಿಟ್ಟರು.

ಮೂರನೆಯದರಿಂದ ಶುರು ಮಾಡಿದರು. ದೀಪಳನ್ನು ಹನೂರಿಗೆ ಕೊಟ್ಟಿದ್ದರು. ಕಂಕುಳಲ್ಲಿ ಕೂಸು ಎತ್ತಿಕೊಂಡೇ ಬಾಗಿಲಿಗೆ ಬಂದಳು.

"ಅವನಿಗೂ ನಿನಗೂ ಏನಿತ್ತು?"

"ಬಸ್ಸಲ್ಲಿ ಸೀಟ್ ಇಡ್ದು ಕೊಡ್ತಿದ್ದ ಸಾ. ಅಷ್ಟೇಯ."

"ನಿಮ್ಮ ಮನೆಯವರಿಗೆ ಗೊತ್ತಿತ್ತಾ?"

"ಅವ್ನು ಕಾಣೆಯಾದ್ಮೇಲೇ ಗೊತ್ತಾಗಿದ್ದು. ಊರೆಲ್ಲ ಅಂದಾಡ್ತಲ್ಲ, ಅದ್ಕೇ ನನ್ನ ಓದೂ ನಿಂತೋಯ್ತು." ಕೂಸಿನ ತಲೆ ನೇವರಿಸಿದಳು. "ಅದ್ರ ಇಂದಿನ್ ದಿನ ಕಬ್ಬು ತತ್ತೀನಿ ಅಂದಿದ್ದ. ತರ್ನಿಲ್ಲ."

ದೀಪಳ ಮನೆಯವರೆಲ್ಲ ಆ ದಿನ ಯಳಂದೂರಿನ ಒಂದು ಮದುವೆಯಲ್ಲಿದ್ದುದು ಖಚಿತವಾಯಿತು. ಮೂರರಲ್ಲಿ ಒಂದು ಮಾತು ಬಿದ್ದುಹೋಯಿತು. ತಿರುಪ್ಪೂರಿಗೆ ಹೋದ ಮಹದೇವು ಬರಿಗೈಲಿ ಬಂದ. ಅಲ್ಲಿ ಹುಡುಗನನ್ನು ಕಂಡವರು ಯಾರು ಎಂದು ಕೇಳಿದರೆ ಎಲ್ಲ ದಾರಿಯೂ ಪುಟ್ಟಸಿದ್ದಯ್ಯನ ಬಾಯಿಗೇ ಬಂದು ನಿಲ್ಲುತ್ತಿತ್ತು. ಅದರಲ್ಲಿ ತಪ್ಪೇನು ಕಂಡಾರು? ತಂಗಿಗೆ ಆಸೆ ಹಚ್ಚಿಡುವ ಅಣ್ಣ. ಗೌರಿ ಹಬ್ಬಕ್ಕೆ ತವರಿನ ಸೀರೆ ತರುವಾಗ, ಪ್ರತಿ ವರ್ಷವೂ ಹುಡುಗನಿಗೊಂದು ಶರಟು ತರುತ್ತಿದ್ದನಂತೆ. ರಂಗಮ್ಮ ಟ್ರಂಕು ತೆರೆದು ತೋರಿಸಿದಳು. "ವರ್ಸ ವರ್ಸ ಒಂದ್ ಸೈಜು ದೊಡ್ಡದು ತತ್ತಾನೆ ಸಾ ನಮ್ಮಣ್ಣ. ಬೆಳ್ದಿರ್ತಾನಲ್ಲ ಅಂತ."

ಉಳಿದದ್ದು ಹೊಳೆ. ಸೆಪ್ಟೆಂಬರ್ 29ರಂದು ಮಟಮಟ ಮಧ್ಯಾಹ್ನ ಪ್ರಭುಸ್ವಾಮಿ ಚನ್ನಮಲ್ಲಮ್ಮನ ಜಗಲಿಯ ಮುಂದೆ ನಿಂತಿದ್ದರು. ಅವರೂ ದೂರದವರೇನಲ್ಲ, ಮಧುವನಹಳ್ಳಿಯವರೇ. ಆದರೆ ಪೊಲೀಸ್ ಟ್ರೈನಿಂಗಿನಲ್ಲಿ 'ಓಗ್ತೀನಿ, ಆಕ್ತೀನಿ' ಅಂದು ನಗೆಪಾಟಲಾದ ಮೇಲೆ ಹಟ ತೊಟ್ಟು ಹಕಾರ ಕಲಿತಿದ್ದರು. ಎಷ್ಟು ಕಲಿತರೆಂದರೆ, ಬೇಡದ ಕಡೆಯೂ ಅದು ನುಗ್ಗಿ ಬರುತ್ತಿತ್ತು. ಮನೆಯಲ್ಲಿ ಹೆಂಡತಿ, "ಹಕ್ಕಿ ಬೇಯಿಸ್ಲಾ, ಅಕ್ಕಿ ಬೇಯಿಸ್ಲಾ?" ಎಂದು ಆಡಿಕೊಳ್ಳುತ್ತಿದ್ದಳು.

"ಅಜ್ಜಿ, ಆ ಸಂಜೆ ಹುಡುಗ ಹೊಳೆಗೆ ಹೋದದ್ದನ್ನು ನೀನೇ ಕಂಡೆಯಾ?"

"ಊಂ ಕನಪ್ಪ. ಆಡು ಒಡ್ಕಂಡು ಬತ್ತಿದ್ದೆ. ಒಳ್ಗೋದ. ಈಚ್ಗೆ ಬರ್ನೇ ಇಲ್ಲ."

"ಎಷ್ಟು ಹೊತ್ತಿನಲ್ಲಿ?"

"ದೀಪ ಅಚ್ಚೊ ಒತ್ತು. ಅದ್ಯಾಕಪ್ಪ ಬಿಸ್ಲಲ್ಲೇ ನಿಂತೀರಿ, ಒಳ್ಗ್ ಬನ್ನಿ."

ಮಹದೇವು ಚಪ್ಪಲಿ ಬಿಡಲು ಬಗ್ಗಿದ. ಪ್ರಭುಸ್ವಾಮಿ ಕದಲಲಿಲ್ಲ. ಅವರ ಅವ್ವನೂ ಹೀಗೇ ಕರೆಯುತ್ತಿದ್ದಳು. ಹೊಳೆಗೆ ಎನ್ನಬೇಕಾದರೂ ಒಳ್ಗೆ, ಒಳಗೆ ಎನ್ನಬೇಕಾದರೂ ಒಳ್ಗೆ.

"ಅಜ್ಜಿ," ಎಂದರು, ಎಷ್ಟೋ ವರ್ಷದ ಮೇಲೆ ಅವ್ವನ ಮಾತಿನಲ್ಲೇ, "ಯಾವುದ್ರ ಒಳ್ಗೋದ?"

"ಕಬ್ಬಿನ್ ಒಳ್ಗೆ ಕನಪ್ಪ. ಅವ್ರ ಮಾವನ್ ಗದ್ದೆ ಕಬ್ಬು. ಆ ಒತ್ನಲ್ಲಿ ಒಳೆ ತಾವ್ಕೆ ಓಗಿ ಬಟ್ಟೆ ಒಗ್ದಾನಾ?"

"ಆಗಲೇ ಯಾಕೆ ಹೇಳಲಿಲ್ಲ?"

"ಏಳ್ದೆನಲ್ಲ, ಒಳ್ಗೋದ ಅಂತ. ನೀವ್ ಪೋಲೀಸ್ನೋರು ಒಳೇಲಿ ಬಲೆ ಬುಟ್ಕಂಡ್ ಕುಂತಿದ್ರಿ. ಮೀನ್ ಇಡೀತಾ ಅವ್ರೆ ಅನ್ಕಂಡಿ."

ಮಹದೇವುವಿಗೆ ನಗು ಬರಬೇಕಿತ್ತು, ಬರಲಿಲ್ಲ. ಕಬ್ಬು ತತ್ತೀನಿ ಅಂದಿದ್ದ ಎಂಬ ದೀಪಳ ಮಾತು ಪ್ರಭುಸ್ವಾಮಿಯವರಿಗೆ ಈಗ ಕೇಳಿಸಿತು.

ಪುಟ್ಟಸಿದ್ದಯ್ಯನ ಗದ್ದೆ ಹೊಳೆಯ ದಾರಿಯಲ್ಲೇ ಇತ್ತು. ಎದೆಯುದ್ದ ಕಬ್ಬು. ಹೊಂಗೆ ಮರದ ಕೆಳಗಿನ ಒಂದು ಮೂಲೆ ಮಾತ್ರ ಉಳದೆ ಬಿಟ್ಟಿತ್ತು. ಅಲ್ಲಿ ಕಳೆಯೂ ಬೆಳೆದಿರಲಿಲ್ಲ. ಯಾರೋ ಕಿತ್ತು ಕಿತ್ತು ಚೊಕ್ಕಟ ಮಾಡಿಟ್ಟ ಜಾಗ. ಪಂಪ್‌ಸೆಟ್ಟಿನ ಬಳಿ ಇದ್ದ ಪುಟ್ಟಸಿದ್ದಯ್ಯ ಜೀಪು ಕಂಡು ಟವೆಲ್ ಕೊಡವುತ್ತಾ ಬಂದ.

"ಆ ಮೂಲೆ ಯಾಕೆ ಉತ್ತಿಲ್ಲ?"

ಪುಟ್ಟಸಿದ್ದಯ್ಯ ಮೂಲೆಯನ್ನು ನೋಡಿದ, ಪ್ರಭುಸ್ವಾಮಿಯವರನ್ನು ನೋಡಿದ. ಟವೆಲನ್ನು ಮಡಿಸಿ ಬದುವಿನ ಮೇಲಿಟ್ಟ.

"ಉಳಕ್ಕೆ ಕಯ್ಯಿ ಬರ್ನಿಲ್ಲ ಸಾ."

"ಹೇಳು."

"ಅಂದಿ ಕಾಟಕ್ಕೆ ತಂತಿ ಎಳ್ದು ಕರೆಂಟ್ ಬುಡ್ತಿದ್ದಿ. ಕತ್ಲಾದ್ಮೇಲೆ ಬರೋದು ಕರೆಂಟು. ಅದ್ಕೇ ಸ್ವಿಚ್ಚು ಆಕೇ ಮಡಗಿದ್ದಿ. ಅವತ್ತು ಮುಂಚೇಲೇ ಬಂದ್ಬುಡ್ತು."

"ಹುಡುಗನಿಗೆ ತಂತಿ ಗೊತ್ತಿರಲಿಲ್ಲವಾ?"

"ಗೊತ್ತಿತ್ತು ಸಾ. ಕರೆಂಟ್ ಇಲ್ಲ ಅಂತ್ಲೇ ದಾಟವ್ನೆ. ನಾನ್ ಬರಾಗಂಟ ಕೈಲಿ ಕಬ್ಬಿನ್ ಜಲ್ಲೆ ಇಡ್ದೇ ಇದ್ದ."

ಮಾರನೆಯ ದಿನ ತಹಶೀಲ್ದಾರರ ಎದುರಿನಲ್ಲಿ ಮೂಲೆಯನ್ನು ಅಗೆಸಿ ಪಂಚನಾಮೆ ನಡೆಸಿದರು. ಮೂಳೆಗಳ ಜೊತೆಗೆ ಬೆಳ್ಳಿಯ ತಾಯಿತವೊಂದು ಸಿಕ್ಕಿತು. ಬೆಟ್ಟದ ದೇವಸ್ಥಾನದಲ್ಲಿ ತಾನೇ ಕಟ್ಟಿಸಿದ್ದು ಎಂದು ರಂಗಮ್ಮ ಗುರುತಿಸಿದಳು. ಅಳಲಿಲ್ಲ. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ನಾಶ ಎಂದು ಕಲಮು ಹಾಕಿ ಪುಟ್ಟಸಿದ್ದಯ್ಯನನ್ನು ಬಂಧಿಸಿದರು. ಜೀಪು ಹತ್ತಿಸುವಾಗ ರಂಗಮ್ಮ ಅಡ್ಡ ಬಂದು ನಿಂತಳು. ಮಹದೇವು ತಡೆಯಲು ಹೋದಾಗ ಪ್ರಭುಸ್ವಾಮಿ ಬೇಡವೆಂದು ಕೈ ಮಾಡಿದರು.

"ಅಣ್ಣಯ್ಯ, ತಲೆ ಯಾವ್ ಕಡೀಕೆ ಮಡಗ್ದೆ?"

"ತೆಂಕ್ಲಾಗಿ ಕನವ್ವ. ಬಾಯ್ಗೆ ಅಕ್ಕಿ ಕಾಳೂ ಆಕ್ದಿ."

ಆಕೆ ತಲೆಯಾಡಿಸಿ ಪಕ್ಕಕ್ಕೆ ಸರಿದಳು.

ಜೈಲಿಗೆ ಹೆದರಿ ಮುಚ್ಚಿಟ್ಟೆಯಾ ಎಂದು ಠಾಣೆಯಲ್ಲಿ ಕೇಳಿದಾಗ ಪುಟ್ಟಸಿದ್ದಯ್ಯ ಇಲ್ಲವೆಂದ. "ಅವ್ಳಿಗೆ ಅಪ್ಪ ಅವ್ವ ಇಲ್ಲ, ಗಂಡ ಇಲ್ಲ. ತವ್ರು ಅಂದ್ರೆ ನಾನೊಬ್ನೇಯ. ಒಂದೇ ದಿನ ಮಗನೂ ಓಗಿ ತವ್ರೂ ಓದ್ರೆ ತಡ್ಕಂಡಾಳಾ ಅನ್ನಿಸ್ತು. ಒಂದಾರ ಉಳೀಲಿ ಅಂತ ಸುಳ್ಳೇಳ್ದಿ. ಆಮೇಲೆ ಆ ಸುಳ್ಗೇ ಶರಟ್ ಒಲಿಸ್ಕಂಡ್ ಬಂದಿ."

ಪ್ರಭುಸ್ವಾಮಿ ಅದನ್ನು ಅವನಾಡಿದಂತೆಯೇ ಬರೆಸಿದರು, ಹಕಾರ ತಿದ್ದಲಿಲ್ಲ.

ಮಾರ್ಲಾಮಿಯ ದಿನ ರಂಗಮ್ಮ ಹೇಳಿ ಕಳಿಸಿದಳು. ಪ್ರಭುಸ್ವಾಮಿ ಸಮವಸ್ತ್ರ ಬಿಟ್ಟು ಹೋದರು. ನಡುಮನೆಯಲ್ಲಿ ಬಾಳೆಎಲೆ ಹಾಕಿ ಅನ್ನ, ಕಜ್ಜಾಯ, ಸಿಪ್ಪೆ ಹೆರೆದ ಕಬ್ಬಿನ ತುಂಡು ಇಟ್ಟಿತ್ತು. ರಂಗಮ್ಮ ಟ್ರಂಕಿನಿಂದ ಶರಟುಗಳನ್ನೆಲ್ಲ ತೆಗೆದು ನೆಲದ ಮೇಲೆ ಸಾಲಾಗಿ ಹರವಿದಳು. ದೊಡ್ಡವನ್ನು ಒಂದೊಂದಾಗಿ ಮಡಿಸಿ ಮತ್ತೆ ಒಳಗಿಟ್ಟಳು. ಎಲ್ಲಕ್ಕಿಂತ ಚಿಕ್ಕದನ್ನು ಎಡೆಯ ಮುಂದಿಟ್ಟು, ತೋಳಿನ ಸುಕ್ಕು ಸವರಿದಳು.

"ಅವ್ನ್ಗೆ ಇದೇ ಸರಿ ಆಯ್ತದೆ ಸಾ" ಎಂದಳು. ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದು, ಹೊಸ್ತಿಲಲ್ಲಿ ನಿಂತು ಕರೆದಳು. "ಒಳ್ಗ್ ಬಾ ಮಗಾ."