ಅಳತೆ ಕೊಟ್ಟ ಬೆರಳು

"ಉಂಗುರ ಹಾಕ್ಕೋ ಉತ್ತಯ್ಯ!"

ಪಕ್ಕೆಗೆ ಪಿಸ್ತೂಲು ಒತ್ತಿತು. ಸ್ಟಿಯರಿಂಗ್ ನನ್ನ ಕೈಯಲ್ಲಿ. ಚೆಟ್ಟಳ್ಳಿ ರಸ್ತೆಯ ತಿರುವು, ಎದುರಿಗೆ ಮಂಜು, ಜೀಪಿನ ಹಿಂಬದಿ ತುಂಬಿದ ಪೆಟ್ರೋಲ್ ಕ್ಯಾನ್...

ಪಿಸ್ತೂಲು ಹಿಡಿದವನು ಯಾರು ಅಂದುಕೊಂಡಿರಿ? ನವೀನ್‌ಕುಮಾರ್. ಕೊಡ್ಲಿಪೇಟೆಯ ಪ್ಲಾಂಟರ್. ಯಾರೋ ಕೊಲ್ಲುತ್ತಾರೆ ಎಂದು ಹೆದರಿ ನನ್ನನ್ನು ಬಾಡಿಗಾರ್ಡ್ ಮಾಡಿಕೊಂಡ ಧಣಿ!

ಜೀಪು ನಿಧಾನ ಮಾಡಿ ಉಂಗುರ ಹಾಕಿಕೊಂಡೆ. ಹಾಕಿ ಆಟದಲ್ಲಿ ಸ್ಟಿಕ್ಕಿನ ಪೆಟ್ಟು ತಿಂದು ದಪ್ಪಗಾದ ಗೆಣ್ಣು ನನ್ನದು. ಅದನ್ನೂ ದಾಟಿ ಬುಡಕ್ಕೆ ಹೋಗಿ ಕೂತಿತು.

ಕರೆಕ್ಟ್ ಸೈಜ್!

ಬೆಳಗಿನ ಆಟ ಈಗ ಅರ್ಥವಾಯಿತು.

ಅವತ್ತು ಬೆಳಿಗ್ಗೆ ಮಡಿಕೇರಿಯಲ್ಲಿ ತೀರ್ಥಪ್ರಸಾದ್ ಆಚಾರಿಯ ಚಿನ್ನದಂಗಡಿಗೆ ಹೋಗಿದ್ದೆವು. ನವೀನ್ ಬೆರಳಿಗೆ ಬ್ಯಾಂಡೇಜ್. ಜೇಬಿನಿಂದ ಮದುವೆ ಉಂಗುರ ತೆಗೆದ. ಒಳಗೆ ಕೊರೆದ ಹೆಸರು... ನವೀನ್, ಶರ್ಮಿಳಾ.

"ದಪ್ಪ ಆಗ್ಬಿಟ್ಟಿದೀನಿ ಕಣ್ರೀ. ದೊಡ್ಡದು ಮಾಡಿ. ಅಕ್ಷರಕ್ಕೆ ಏನೂ ಆಗ್ಬಾರ್ದು."

"ಬಡಿದು ಹಿಗ್ಗಿಸಿದ್ರೆ ಅಕ್ಷರ ಸೊಟ್ಟ ಆಗ್ತದೆ ಮಾರಾಯ್ರೆ. ಅಕ್ಷರ ಇಲ್ಲದ ಕಡೆ ಕತ್ತರಿಸಿ, ಇದೇ ಬಣ್ಣದ ಚಿನ್ನದ ತುಂಡು ಇಟ್ಟು ಬೆಸುಗೆ ಹಾಕ್ತೇನೆ. ಎಲ್ಲಿ, ಬೆರಳು ಕೊಡಿ."

"ಗಾಯ ಐತೆ. ಇವನ ಬೆರಳೂ ನನ್ನಷ್ಟೇ. ಇವನದೇ ಅಳತೆ ತಗೊಳ್ಳಿ."

ದಡ್ಡ ನಾನು, ಕೈ ಚಾಚಿದೆ!

ಆಚಾರಿ ಉಂಗುರಕ್ಕೆ ಬೆಂಕಿ ಹಿಡಿದಾಗ ನವೀನ್ ಬಗ್ಗಿ ಕೇಳಿದ.

"ಉಂಗುರ ಬೆಂಕೀಲಿ ಬಿದ್ರೂ ಈ ಹೆಸ್ರು ಓದೋಕೆ ಬರುತ್ತಾ?"

"ಚಿನ್ನ ಕರಗದಿದ್ರೆ ಬರ್ತದೆ," ಎಂದು ಆಚಾರಿ ನಕ್ಕ. ನಾನೂ ನಕ್ಕಿದ್ದೆ.

ಜೀಪಿನಲ್ಲಿ ಆ ಬ್ಯಾಂಡೇಜ್ ಇರಲಿಲ್ಲ. ಪಿಸ್ತೂಲು ಹಿಡಿದ ಬೆರಳು ನೋಡಿದೆ. ಕಡ್ಡಿಯಂತೆ ಸಪೂರ! ಗಾಯವೂ ಇಲ್ಲ, ಗೀಯವೂ ಇಲ್ಲ.

"ಸಾರ್... ಸಾಯೋದು ನಿಮ್ಮ ಹೆಸ್ರು, ಸುಡೋದು ನನ್ನ ಹೆಣ. ಅಲ್ವಾ?"

"ಆನೆದಂತದ ಕೇಸು ಕುತ್ತಿಗೆಗೆ ಬಂದೈತೆ ಕಣಯ್ಯ. ಸತ್ತೋನ ಮೇಲೆ ಕೇಸ್ ನಡಿಯಲ್ಲ. ಎತ್ತರ, ಮೈಕಟ್ಟು ನಿಂದೂ ನಂದೂ ಒಂದೇ. ಮೇಲಾಗಿ ನಿನ್ನ ಹುಡುಕೋರು ಯಾರವ್ರೆ?"

ಆ ಮಾತು ಚುಚ್ಚಿತು. ನಿಜಕ್ಕೂ ಯಾರೂ ಇಲ್ಲ... ಭಯಕ್ಕಿಂತ ಸಿಟ್ಟು ಜಾಸ್ತಿ ಬಂತು.

"ನಿಮ್ಮ ಹೆಂಡ್ತಿಗೆ ಗೊತ್ತಾ?"

"ಉಂಗುರದ ಗುರ್ತು ಹಿಡಿಯೋಳೇ ಶರ್ಮಿಳಾ! ಮುಂದಿನ ತಿರುವಲ್ಲಿ ನಿಲ್ಸು."

ನಿಲ್ಲಿಸಲಿಲ್ಲ.

ಆಕ್ಸಿಲರೇಟರ್ ಒತ್ತಿದೆ. ಸ್ಟಿಯರಿಂಗ್ ಇಳಿಜಾರಿನ ಕಡೆ ತಿರುಗಿಸಿ, ಬಾಗಿಲಿಲ್ಲದ ಜೀಪಿನಿಂದ ಹೊರಕ್ಕೆ ಹಾರಿದೆ!

ಢಂ!

ಗುಂಡು ಕಿವಿಯ ಪಕ್ಕ ಹಾದುಹೋಯಿತು. ನಾನು ರಸ್ತೆಯಲ್ಲಿ ಉರುಳಿದೆ. ಜೀಪು ಕೆಳಗೆ ಹೋಯಿತು... ಬೆಂಕಿ ಮೇಲಕ್ಕೆ ಬಂತು. ನವೀನ್ ಹೊರಗೆ ಬರಲಿಲ್ಲ.

ಹೆಣದ ಗುರುತಿಗೆ ಪೊಲೀಸರು ಶರ್ಮಿಳಾಳನ್ನು ಅಲ್ಲಿಗೇ ಕರೆತಂದರು. ಸೆರಗು ಬಾಯಿಗಿಟ್ಟು ಅಳುತ್ತಲೇ ಇಳಿದಳು. ನಾನು ಎದ್ದು ನಿಂತದ್ದು ಕಂಡು ಅಳು ನಿಂತಿತು. ಸುಟ್ಟ ಹೆಣದ ಕೈ ನೋಡಿದಳು. ನನ್ನ ಕೈ ನೋಡಿದಳು. ಈ ಸಲ ಬಂದದ್ದು ನಿಜವಾದ ಅಳು.

"ಅದು... ನಮ್ಮನೆಯವರ ಉಂಗುರ. ಕೊಟ್ಬಿಡಿ."

ಬಿಚ್ಚಿ ಅವಳ ಅಂಗೈಯಲ್ಲಿಟ್ಟೆ.

"ತಗೊಳ್ಳಿ ಮೇಡಂ. ಆದ್ರೆ ಅವರ ಬೆರಳಿಗೆ ಈಗ ಲೂಸ್ ಆಗುತ್ತೆ!"