ಎರಡನೆಯ ಹಾಳೆ ಬರುವ ಮೊದಲು

ಬಾಗಿಲಲ್ಲಿ ನಿಂತವಳನ್ನು ನೋಡಿ ನಾಗುಮೊ ದಡಕ್ಕನೆ ಎದ್ದ. ಎದ್ದ ರಭಸಕ್ಕೆ ಮೇಜಿನ ಮೇಲಿದ್ದ ಚಹಾ ಚೆಲ್ಲಿತು. ತಲೆ ಅರ್ಧ ನರೆತಿದೆ, ಪ್ರೊಫೆಸರ್ ಅನ್ನುವ ಫಲಕ ಬಾಗಿಲಿಗೆ ಬಂದಿದೆ, ಗಡಿಬಿಡಿ ಮಾತ್ರ ಒಂದಿಷ್ಟೂ ಹೋಗಿಲ್ಲ ಈ ಮನುಷ್ಯನಿಗೆ ಅಂದುಕೊಂಡಳು ಚಿಗುಸಾ.

"ಇಗರಾಶಿಯವ್ರೇ," ಅಂದ. ಹಿಂದಿನಂತೆಯೇ ಅವಳ ಮನೆತನದ ಹೆಸರು ಹಿಡಿದು.

"ಮೊದ್ಲು ಚಹಾ ಒರೆಸ್ಕೊಳ್ಳಿ. ನಾನು ಕೆಲಸದ ಮೇಲೆ ಬಂದಿರೋದು."

"ನೀವು ನನ್ನ ಯಾವತ್ತೂ ನೀವು ಅಂದಿರ್ಲಿಲ್ಲ."

"ಆಗ ನೀವು ಪ್ರೊಫೆಸರ್ ಆಗಿರ್ಲಿಲ್ಲ."

ಅವನು ನಕ್ಕ. ಅವಳು ನಗಲಿಲ್ಲ. ಕೋಬೆಯಿಂದ ಸಪ್ಪೊರೊವರೆಗೆ ವಿಮಾನದಲ್ಲಿ ಕೂತು ಅವಳು ಪಾಠ ಮಾಡಿಕೊಂಡು ಬಂದದ್ದೇ ಹಾಗೆ: ತಂದ ಹುಳದ ಸೀಸೆ ಕೊಡುವುದು, ವಿಷಯ ಹೇಳುವುದು, ಎದ್ದು ಬರುವುದು. ಹಳೆಯದನ್ನು ಕೆದಕುವುದಿಲ್ಲ. ಆದರೆ ಹೊಟ್ಟೆಯೊಳಗೆ ಒಂದು ಪ್ರಶ್ನೆ ವರ್ಷಗಟ್ಟಲೆ ಉರಿಯುತ್ತಿದ್ದರೆ, ಮನುಷ್ಯರು ಬರೀ ಸೀಸೆ ಕೊಡಲು ಅಷ್ಟು ದೂರ ಬರುತ್ತಾರೆಯೇ? ಸೀಸೆಯನ್ನು ಅಂಚೆಯಲ್ಲೂ ಕಳಿಸಬಹುದಿತ್ತು. ಯಾಕೆ ನನ್ನ ಕೆಲಸ ಕದ್ದೆ ಅಂತ ಕೇಳಬೇಕಿತ್ತು ಅವಳಿಗೆ. ಕೇಳಿ, ಅವನು ತಲೆ ತಗ್ಗಿಸುವುದನ್ನು ಕಣ್ಣಾರೆ ನೋಡಬೇಕಿತ್ತು.

ಇಬ್ಬರೂ ಇಲ್ಲಿ ವಿದ್ಯಾರ್ಥಿಗಳಾಗಿದ್ದಾಗ ಇದೇ ಕೋಣೆ ಕುವಾಬಾರಾ ಮೇಷ್ಟ್ರದ್ದು. ತೊಗಟೆ ಹೇನು, ಪುಸ್ತಕದ ಹೇನುಗಳ ವಿಷಯದಲ್ಲಿ ಅವರ ಮಾತೇ ಕೊನೆ. ಹೇನು ಅಂದರೆ ಮೂಗು ಮುರಿಯಬೇಡಿ, ಇವು ರಕ್ತ ಕುಡಿಯುವ ಜಾತಿಯಲ್ಲ. ಮರದ ತೊಗಟೆಯ ಮೇಲಿನ ಪಾಚಿ, ಹಳೆಯ ಪುಸ್ತಕದ ಬೂಷ್ಟು, ಅಕ್ಕಿ ಮೂಟೆಯ ಧೂಳು ತಿಂದುಕೊಂಡು ಯಾರ ತಂಟೆಗೂ ಹೋಗದೆ ಬದುಕುವ ಸಾಸಿವೆಗಿಂತ ಸಣ್ಣ ಹುಳಗಳು. ಶರತ್ಕಾಲದಲ್ಲಿ ಜಪಾನಿನ ಮನೆಗಳ ಬಾಗಿಲಿಗೆ ಅಂಟಿಸಿದ ಕಾಗದಕ್ಕೆ ಹೊಟ್ಟೆ ಬಡಿದು ಸಂಗಾತಿಯನ್ನು ಕರೆಯುವವೂ ಇವೆ. ಕಿವಿಗೊಟ್ಟರೆ ಯಾರೋ ಪಕ್ಕದ ಕೋಣೆಯಲ್ಲಿ ಬಟ್ಟಲಿನ ಚಹಾ ಪುಡಿಯನ್ನು ಬಿದಿರ ಕಡ್ಡಿಯಿಂದ ಕಡೆಯುತ್ತಿದ್ದ ಹಾಗೆ ಕೇಳುತ್ತದೆ. ಅದಕ್ಕೇ ಜಪಾನಿನ ಅಜ್ಜಿಯಂದಿರು ಅವಕ್ಕೆ ಚಹಾ ಕಡೆಯುವ ಹುಳ ಅಂತ ಹೆಸರಿಟ್ಟಿದ್ದರು.

ಚಿಗುಸಾ ಒಂದು ವರ್ಷ ಹಿರಿಯಳು, ನಾಗುಮೊ ಕಿರಿಯ. ಕಾಡಿಗೆ ಹೋಗುವಾಗ ಬಿಳಿ ಬಟ್ಟೆ ಹಿಡಿಯುವುದು ಅವನ ಕೆಲಸ, ಕೋಲಿನಿಂದ ಕೊಂಬೆ ಬಡಿಯುವುದು ಅವಳದು. ಬಟ್ಟೆಯ ಮೇಲೆ ಉದುರಿದ ಹುಳಗಳನ್ನು ಇಬ್ಬರೂ ಕೊಳವೆಯಲ್ಲಿ ಬಾಯಿಂದ ಗಾಳಿ ಎಳೆದು ಸೀಸೆಗೆ ತುಂಬುತ್ತಿದ್ದರು. ಒಂದೇ ಬಟ್ಟೆ, ಎರಡು ತಲೆ. ಹಾಗಾಗಿ ಹಣೆಗೆ ಹಣೆ ತಾಗುತ್ತಿತ್ತು. ಮೊದಮೊದಲು ಕ್ಷಮೆ ಕೇಳುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟರು.

"ಕಣ್ಣು ಹುಳದ ಮೇಲಿರ್ಲಿ ನಾಗುಮೊ," ಅನ್ನುತ್ತಿದ್ದಳು.

"ಹುಳದ ಮೇಲೇ ಇದೆ."

"ಹುಳ ನನ್ನ ಕೆನ್ನೆ ಮೇಲಿಲ್ಲ."

"ಇದೆ," ಅಂದು ಅವನು ಬೆರಳ ತುದಿಯಿಂದ ಅವಳ ಕೆನ್ನೆಯ ಮೇಲಿಂದ ನಿಜವಾಗಿಯೂ ಒಂದನ್ನು ತೆಗೆದು ತೋರಿಸಿದ್ದ. ಅವನ ಕಿವಿ ಕೆಂಪಾಗಿತ್ತು. ಆವತ್ತು ಸಂಜೆಯವರೆಗೂ ಅವಳ ಕೋಲು ಯಾವ ಕೊಂಬೆಗೂ ಸರಿಯಾಗಿ ಬೀಳಲಿಲ್ಲ.

ಊಟದ ಹೊತ್ತಿಗೆ ಉಪ್ಪುಮೀನು ಹುದುಗಿಸಿದ ಅನ್ನದ ಉಂಡೆ ಕಚ್ಚುತ್ತ ಅವನು ತನ್ನ ಹುಚ್ಚನ್ನೆಲ್ಲ ಹರವುತ್ತಿದ್ದ. ಆಗಿನ ಪುಸ್ತಕಗಳು ತಲೆ ಹೇನನ್ನೂ ಪುಸ್ತಕದ ಹೇನನ್ನೂ ಬೇರೆ ಬೇರೆ ವರ್ಗಕ್ಕೆ ಹಾಕಿದ್ದವು. ಅದು ತಪ್ಪು, ಎರಡೂ ಒಂದೇ ಮನೆಯವು ಅನ್ನುವುದು ಅವನ ವಾದ.

"ಹಾಗಾದ್ರೆ ನಿನ್ನ ತಲೇಲಿರೋವು ನಿನ್ನ ಮೇಜಿನ ಮೇಲಿರೋವಕ್ಕೆ ನೆಂಟರು ಅನ್ನು."

"ತಮಾಷೆ ಅಲ್ಲ. ಮೊದ್ಲು ಹಕ್ಕಿ ಗೂಡಿಗೆ ಬಂದ್ವು. ಉದುರಿದ ಗರಿ, ಹೊಟ್ಟು ತಿಂದ್ಕೊಂಡು ತಣ್ಣಗಿದ್ವು. ಆಮೇಲೆ ಹಕ್ಕಿ ಮೈಮೇಲೇ ಹತ್ತಿದ್ವು. ರೆಕ್ಕೆ ಹೋಯ್ತು, ಕಣ್ಣು ಮಂಜಾಯ್ತು. ಕೊನೆಗೆ ಆ ಮೈ ಬಿಟ್ಟು ಬದುಕೋಕೇ ಆಗ್ದಂಗಾಯ್ತು."

"ಪಾಪ. ಇನ್ನೂ ಹೊತ್ತಿದೆ, ಇಳೀರಿ ಅಂತ ಯಾರಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ರೂ ಇಳೀತಿರ್ಲಿಲ್ಲ," ಅಂದ ಅವನು, ಅವಳನ್ನೇ ನೋಡುತ್ತ. ಅವಳು ಉಂಡೆಯಲ್ಲಿ ಇಲ್ಲದ ಮುಳ್ಳು ಹುಡುಕುತ್ತ ಕೂತಳು.

ಆ ಬೇಸಿಗೆಯ ಕೊನೆಗೆ, ಮುರಿದು ಬಿದ್ದ ಫರ್ ಮರದ ಒಣ ಕೊಂಬೆಯೊಂದರಲ್ಲಿ ಚಿಗುಸಾಗೆ ಕಂದು ರೆಕ್ಕೆಯ ಒಂದು ತೊಗಟೆ ಹೇನು ಸಿಕ್ಕಿತು. ಈ ಹುಳಗಳನ್ನು ರೆಕ್ಕೆ ನೋಡಿ ಗುರುತಿಸಿದರೆ ಮೋಸ ಹೋದ ಹಾಗೆ. ಹೊಟ್ಟೆಯ ತುದಿಯನ್ನು ಬಿಡಿಸಿ, ಕ್ಷಾರದಲ್ಲಿ ತಿಳಿಮಾಡಿ, ಗಾಜಿನ ಮೇಲಿಟ್ಟು ನೋಡಬೇಕು. ಅವಳು ಉಸಿರು ಬಿಗಿಹಿಡಿದು ಬಿಡಿಸಿದಳು. ಹೆಣ್ಣುಹುಳದ ಹೊಟ್ಟೆಯ ತುದಿಯ ತಟ್ಟೆಯಂಥ ಭಾಗದ ಅಂಚು ಯಾವ ಪುಸ್ತಕದಲ್ಲೂ ಇಲ್ಲದ ಆಕಾರದಲ್ಲಿತ್ತು.

"ನಾಗುಮೊ, ಇಲ್ಲಿ ಬಾ. ಇದು ಹೊಸದು ಕಣೋ."

ಅವನು ನೋಡಿದ. ತುಂಬ ಹೊತ್ತು ನೋಡಿದ. "ಇದರ ಲೇಖನ ನಾನು ಬರೀತೀನಿ," ಅಂದ ಮೆಲ್ಲಗೆ. "ಬರೆಯೋದನ್ನ ನನಗೆ ಬಿಡ್ತೀರಾ?" ಅವಳು ತಲೆಯಾಡಿಸಿದಳು. ಬರೆಯುವವನು ಅವನಾದರೂ ಹೆಸರು ಇಬ್ಬರದೂ ಇರುತ್ತದೆ, ಅದನ್ನೇನು ಬಾಯಿಬಿಟ್ಟು ಹೇಳಬೇಕೇ?

ಹುಳಗಳಿಗೆ ಹೆಸರಿಡುವ ಈ ಜನರಲ್ಲಿ ಒಂದು ಪದ್ಧತಿಯಿದೆ. ಹುಳದ ಹೆಸರಿನ ಹಿಂದೆಯೇ, ಅದನ್ನು ಮೊದಲು ವರ್ಣಿಸಿದವರ ಹೆಸರನ್ನೂ ಬರೆಯುತ್ತಾರೆ. ಅವರು ಸತ್ತು ನೂರು ವರ್ಷವಾದ ಮೇಲೂ, ಜಗತ್ತಿನ ಯಾವ ಮೂಲೆಯಲ್ಲಿ ಆ ಹುಳದ ಮಾತು ಬಂದರೂ, ಆ ಹೆಸರುಗಳು ಹಿಂದೆಯೇ ಬರುತ್ತವೆ. ಇಗರಾಶಿ ಮತ್ತು ನಾಗುಮೊ. ಹಾಸ್ಟೆಲಿಗೆ ನಡೆಯುವ ದಾರಿಯಲ್ಲಿ ಚಿಗುಸಾ ಅದನ್ನು ಬಾಯೊಳಗೇ ಹೇಳಿ ನೋಡಿಕೊಂಡಳು. ಮದುವೆಯ ಕರೆಯೋಲೆಯಲ್ಲಿ ಕೂಡ ಎರಡು ಹೆಸರು ಅಷ್ಟು ಕಾಲ ಜೊತೆಗಿರುವುದಿಲ್ಲ ಅನ್ನಿಸಿ ಒಬ್ಬಳೇ ನಕ್ಕಳು. ಅವಳಂಥ ಹುಡುಗಿ ಅದಕ್ಕಿಂತ ಹೆಚ್ಚಿನದನ್ನು ಯಾರ ಬಳಿಯೂ ಕೇಳುವವಳಲ್ಲ.

ಹಿಮ ಬಿದ್ದಿತು. ಒಂದು ಮಧ್ಯಾಹ್ನ ಅವಳು ಮೇಷ್ಟ್ರ ಕೋಣೆ ಬೆಚ್ಚಗಿಡುವ ಒಲೆಗೆ ಎಣ್ಣೆ ತುಂಬಲು ಬಂದಾಗ, ಮೂಲೆಯ ಹಳೆಯ ಪ್ರಿಂಟರು ಕಿರುಗುಟ್ಟುತ್ತ ಒಂದು ಹಾಳೆಯನ್ನು ಉಗುಳುತ್ತಿತ್ತು. ತೊಗಟೆ ಹೇನಿನ ಒಂದು ಹೊಸ ಪ್ರಭೇದ. ಅದರ ಕೆಳಗೆ: ಕೋಹೇ ನಾಗುಮೊ. ಅಷ್ಟೇ. ಮತ್ತೊಂದು ಹೆಸರಿಲ್ಲ.

ಪ್ರಿಂಟರು ಎರಡನೆಯ ಹಾಳೆಯನ್ನು ಎಳೆದುಕೊಳ್ಳುತ್ತಿತ್ತು. ಅವಳು ಕಾಯಲಿಲ್ಲ. ಕಾಯುವುದಕ್ಕೆ ಏನಿತ್ತು? ಕೊಂಬೆ ಬಡಿದವಳು ಅವಳು, ಹುಳ ಬಿಡಿಸಿದವಳು ಅವಳು, ಹೊಸದು ಅಂದವಳೂ ಅವಳೇ. ಕೋಟು ಹಾಕಿಕೊಂಡು ಹೊರಟಳು. ಕುವಾಬಾರಾ ಮೇಷ್ಟ್ರು ಹೇಳಿಟ್ಟಿದ್ದ ಕೋಬೆ ಬಂದರಿನ ಧಾನ್ಯ ತಪಾಸಣೆಯ ಕೆಲಸಕ್ಕೆ, ವಾರದಿಂದ ಬೇಡ ಬೇಡ ಅನ್ನುತ್ತಿದ್ದವಳು, ಮಾರನೆಯ ದಿನವೇ ಒಪ್ಪಿಕೊಂಡಳು.

ಬೀಳ್ಕೊಡುಗೆಯ ಊಟದಲ್ಲಿ ನಾಗುಮೊ ಅವಳ ಪಕ್ಕಕ್ಕೆ ಬಂದು ಕೂತಿದ್ದ. ಕೈಯಲ್ಲಿದ್ದ ಬಿಯರಿಗೆ ತುಟಿ ಹಚ್ಚಿರಲಿಲ್ಲ.

"ಲೇಖನ ನೋಡಿದ್ರಾ?"

"ನೋಡ್ದೆ."

"ಏನೂ ಹೇಳಲ್ವಾ?"

"ಹೇಳೋಕೇನಿದೆ? ಅಭಿನಂದನೆ."

ಅವನ ಮುಖ ಬಿಳಿಚಿತು. ತಪ್ಪಿತಸ್ಥನ ಮುಖ ಅಂದುಕೊಂಡಳು. ಅವನು ಎದ್ದು, ಸೊಂಟ ಬಗ್ಗಿಸಿ ನಮಸ್ಕರಿಸಿ, ಕದನ ಸೋತವನ ಹಾಗೆ ಮೇಜಿನ ಆ ತುದಿಗೆ ಹೋಗಿ ಕೂತ.

ಕೋಬೆಯಲ್ಲಿ ಅವಳು ಕೀಟತಜ್ಞರ ಸಂಘದ ಸದಸ್ಯತ್ವ ಬಿಟ್ಟಳು, ಅದರ ಪತ್ರಿಕೆ ತರಿಸುವುದನ್ನು ಬಿಟ್ಟಳು. ಹಡಗಿನಿಂದಿಳಿದ ಅಕ್ಕಿ, ಗೋಧಿಯಲ್ಲಿ ಪುಸ್ತಕದ ಹೇನು ಹುಡುಕುವುದೇ ಬದುಕಾಯಿತು. ತೊಗಟೆಯವುಗಳ ಕಡೆ ತಿರುಗಿಯೂ ನೋಡಲಿಲ್ಲ.

ಈಗ ನಾಗುಮೊ ಅವಳು ತಂದ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದ. ಉಗ್ರಾಣದ ಸೂರಿನ ಕವಲುತೋಕೆ ಹಕ್ಕಿಯ ಗೂಡಿನಲ್ಲಿ ಸಿಕ್ಕವು: ರೆಕ್ಕೆಯಿಲ್ಲದ, ಚಪ್ಪಟೆ, ದಪ್ಪ ಹಿಂದೊಡೆಯ ಪುಸ್ತಕದ ಹೇನುಗಳು. ಅವಳಿಗೆ ಯಾವ ಗುಂಪಿಗೂ ಕೂಡಿಸಲಾಗಿರಲಿಲ್ಲ.

"ಎಲ್ಲ ಹೆಣ್ಣೇ?" ಕೇಳಿದ.

"ಎಲ್ಲ ಹೆಣ್ಣೇ. ಗಂಡಿಲ್ದೇನೇ ಸಂಸಾರ ನಡೆಸೋ ಜಾತಿ. ನನ್ನ ಥರ."

ಅವನು ತಲೆ ಎತ್ತಿದ. "ನೀವು ಮದುವೆ..."

"ಇಲ್ಲ. ನೀವು?"

"ಆಗಿದೆ. ಒಬ್ಬಳು ಮಗಳು, ಸ್ಕೂಲಿಗೆ ಹೋಗ್ತಾಳೆ." ಹೇಳಿ, ಸೀಸೆಯನ್ನು ಹುಷಾರಾಗಿ ಮೇಜಿನ ಮೇಲಿಟ್ಟ. "ಗೂಡಿಂದ ಮೈಮೇಲೆ ಹತ್ತೋಕೆ ಮುಂಚಿನ ಹಂತ ಹೆಂಗಿತ್ತು ಅಂತ ಇವು ಹೇಳ್ಬಹುದು. ಈಗ ಎಲ್ಲ ಪುಸ್ತಕದಲ್ಲೂ ಎರಡನ್ನೂ ಒಂದೇ ವರ್ಗ ಮಾಡಿದಾರೆ, ಗೊತ್ತಲ್ಲ? ಇವನ್ನ ಕಪಾಟಲ್ಲಿ ನಿಮ್ಮ ಹೆಸರಿನ ಪಕ್ಕದ ಅರೇಲೇ ಇಡ್ತೀನಿ."

"ನನ್ನ ಹೆಸರಿನ ಅರೆ ಯಾವುದು?"

"ಚಿಗುಸಾಯೆ ಇರೋದು."

ಅವಳನ್ನು ಚಿಗುಸಾ ಅಂತ ಕರೆಯುತ್ತಿದ್ದದ್ದು ಅವಳ ತಾಯಿ ಒಬ್ಬಳೇ. ಆ ದೇಶದಲ್ಲಿ ಗಂಡಸು ಒಬ್ಬ ಹೆಣ್ಣನ್ನು ಹಾಗೆ ಕರೆಯಬೇಕಾದರೆ ಅವಳು ಅವನ ಮನೆಯವಳಾಗಿರಬೇಕು. ಚಿಗುಸಾಳದ್ದು ಅನ್ನುವ ಅರ್ಥಕ್ಕೆ ಬಾಲಕ್ಕೆ ಲ್ಯಾಟಿನ್ ಸಿಕ್ಕಿಸಿಕೊಂಡು ಅದೇ ಹೆಸರು ಅವನ ಬಾಯಲ್ಲಿ ಬಂದಿತ್ತು, ದಿನವೂ ಹೇಳಿ ರೂಢಿಯಾದ ಹಾಗೆ.

"ಯಾವ ಚಿಗುಸಾಯೆ?"

"ನೀವು ಹಿಡಿದದ್ದು. ಫರ್ ಮರದ್ದು." ಅವನ ಹುಬ್ಬು ಗಂಟಾಯಿತು. "ನೋಡ್ದೆ ಅಂದ್ರಲ್ಲ ಆವತ್ತು."

"ಮೊದಲ ಹಾಳೆ ನೋಡ್ದೆ."

"ಮೊದಲ ಹಾಳೇಲಿ ಬರೀ ನನ್ನ ಹೆಸರಿತ್ತು. ಹುಳದ ಹೆಸರು ಎರಡನೇದ್ರಲ್ಲಿತ್ತು."

"ಅದನ್ನೇ ನೋಡಿದ್ದು, ನಾಗುಮೊ."

ಅವನು ನಿಧಾನಕ್ಕೆ ಕುರ್ಚಿಯಲ್ಲಿ ಕುಸಿದ. ಅವಳಿಗೆ ವಿವರಿಸಬೇಕಾದ ಅಗತ್ಯವೇ ಇರಲಿಲ್ಲ. ತಾನೇ ವರ್ಣಿಸಿದ ಹುಳಕ್ಕೆ ತನ್ನದೇ ಹೆಸರಿಟ್ಟುಕೊಳ್ಳುವುದು ಈ ಜನರಲ್ಲಿ ನಾಚಿಕೆಗೇಡು. ಹಾಗಾಗಿ ಯಾರ ಹೆಸರನ್ನು ಹುಳಕ್ಕೆ ಇಡಬೇಕೋ ಅವರನ್ನು ಬರೆದವರ ಸಾಲಿನಿಂದ ಬಿಡಲೇಬೇಕು. ಕುವಾಬಾರಾ ಮೇಷ್ಟ್ರು ಮೊದಲ ವರ್ಷವೇ ಹೇಳಿಕೊಟ್ಟ ಪಾಠ ಅದು. ಆ ಪ್ರಿಂಟರಿನ ಮುಂದೆ ನಿಂತವಳಿಗೆ ಸಿಟ್ಟಿನಲ್ಲಿ ಅದೊಂದು ನೆನಪಾಗಿರಲಿಲ್ಲ.

"ನೀವು ಓದಿದೀರಿ ಅಂದ್ಕೊಂಡೆ," ಅಂದ ಅವನು. "ಓದಿ, ಅಭಿನಂದನೆ ಅಂದು, ಹೊರಟು ಹೋದ್ರಿ ಅಂದ್ಕೊಂಡೆ. ಅದೇ ನಿಮ್ಮ ಉತ್ತರ ಅಂದ್ಕೊಂಡೆ."

"ಆಮೇಲೂ ಕಾದೆಯಾ?"

"ಮದುವೆ ಆಗೋವರೆಗೂ."

ಕಾದೆಯಾ ಅನ್ನುವಾಗ ನೀವು ಹೋಗಿ ನೀನು ಆದದ್ದು ಅವಳಿಗೇ ಗೊತ್ತಾಗಲಿಲ್ಲ. ಅಳು ಬರುತ್ತದೆ ಅಂದುಕೊಂಡಿದ್ದಳು, ಬಂದದ್ದು ಕೋಪ.

"ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ?"

"ಕೇಳ್ಕೊಂಡು ಕೊಟ್ರೆ ಅದೇನು ಉಡುಗೊರೆ?"

"ಅದು ನಾನು ಹಿಡಿದ ಹುಳ ಕಣೋ. ನನ್ನ ಕಣ್ಣು ಕಂಡ ಹುಳ. ನನ್ನ ಕೆಲಸ ಕಿತ್ಕೊಂಡು ನನಗೆ ನನ್ನ ಹೆಸರು ಕೊಟ್ಟೆ. ನನ್ನ ಹೆಸರು ನನ್ನ ಹತ್ರ ಇದ್ದೇ ಇತ್ತು." ಅವಳು ಮೇಜಿನ ಮೇಲಿದ್ದ ಸೀಸೆಯನ್ನು ಅವನ ಕಡೆ ತಳ್ಳಿದಳು. "ನನಗೆ ಬೇಕಾಗಿದ್ದು ನಿನ್ನ ಪಕ್ಕದ ಜಾಗ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ತಲೆ ತಗ್ಗಿಸುವುದನ್ನು ನೋಡಬೇಕು ಅಂತ ಬಂದವಳಿಗೆ ಅದನ್ನು ನೋಡಲಾಗಲಿಲ್ಲ. ಕಿಟಕಿಯ ಕಡೆ ತಿರುಗಿದಳು.

"ಕೇಳ್ಬೇಕಿತ್ತು," ಅಂದ ಕೊನೆಗೆ. "ಹೆದರಿಕೆ. ನೀವು ನಕ್ಕುಬಿಟ್ರೆ ಅಂತ. ಅಚ್ಚಾದ್ಮೇಲೆ ನಕ್ರೂ ಪರವಾಗಿಲ್ಲ ಅನ್ನಿಸ್ತು."

"ನಗ್ತಿರ್ಲಿಲ್ಲ. ನಾನೂ ಬಾಯಿಬಿಟ್ಟು ಬೈಬೇಕಿತ್ತು. ಬೈದಿದ್ರೆ ನೀನು ಎರಡನೇ ಹಾಳೆ ತೋರಿಸ್ತಿದ್ದೆ. ದೊಡ್ಡ ಮಾನವಂತೆ ನಾನು, ಕೋಟು ಹಾಕ್ಕೊಂಡು ಹೊರಟೆ."

ಅವನು ಅವಳನ್ನು ಟ್ರಾಮಿನ ನಿಲ್ದಾಣದವರೆಗೆ ಕಳಿಸಲು ಬಂದ. ದಾರಿಯಲ್ಲಿ ಹಿಮ ಕರಗಿ ಕೆಸರಾಗಿತ್ತು. ಮೊದಲಿನ ಹಾಗೆ ಅವಳು ಮುಂದೆ, ಅವನು ಅರ್ಧ ಹೆಜ್ಜೆ ಹಿಂದೆ. ಒಂದು ಟ್ರಾಮು ಬಂತು, ಹೋಯಿತು. ಇಬ್ಬರೂ ಅದನ್ನು ನೋಡಲಿಲ್ಲ ಅನ್ನುವ ಹಾಗೆ ನಿಂತಿದ್ದರು.

"ಈ ಗೂಡಿನ ಹುಳ ಹೊಸದೇ ಇರ್ಬೇಕು," ಅಂದ. "ಇಬ್ರೂ ಸೇರಿ ಬರೆಯೋಣ. ನಿಮ್ಮ ಹೆಸರು ಮೊದ್ಲು, ನನ್ನದು ಪಕ್ಕದಲ್ಲಿ."

ಅವಳಿಗೆ ಆಸೆಯಾಯಿತು. ಸುಳ್ಳು ಯಾಕೆ, ಮೈಯೆಲ್ಲ ಆಸೆಯಾಯಿತು.

"ನೀನು ನಿನ್ನ ವಿದ್ಯಾರ್ಥಿಗಳ ಜೊತೆ ಬರಿ. ಹುಳ ಕೊಟ್ಟವಳು ಅಂತ ಕೊನೇಲಿ ಒಂದು ಸಾಲಲ್ಲಿ ಹೇಳು, ಸಾಕು."

"ಯಾಕೆ? ಮತ್ತೆ ಅದೇ ತಪ್ಪು ಮಾಡ್ಲಾ?"

"ಈ ಸಲ ನೀನು ಕೇಳಿದೀಯಲ್ಲ. ಬೇಡ ಅಂತಿರೋದು ನಾನು." ಅವಳು ಕೈಗವಸು ಹಾಕಿಕೊಂಡಳು. "ಪಕ್ಕದಲ್ಲಿ ಹೆಸರಿದ್ರೆ ದಿನಾ ತೆಗೆದು ನೋಡ್ತೀನಿ. ನಿನ್ನ ಮನೇಲಿ ಒಬ್ಬಳು ಕಾಯ್ತಿರ್ತಾಳೆ ಅಂತ ಗೊತ್ತಿದ್ದೂ ನೋಡ್ತೀನಿ. ಅದು ಸರಿಯಲ್ಲ."

ಎರಡನೆಯ ಟ್ರಾಮು ತಿರುವಿನಲ್ಲಿ ಕಂಡಿತು.

"ಆವತ್ತು ಕೇಳಿದ್ರೆ ಏನಂತಿದ್ರಿ?"

"ನನ್ನ ಹೆಸರು ಹುಳಕ್ಕೆ ಬೇಡ, ನೀನೇ ಇಟ್ಕೋ ಅಂತಿದ್ದೆ," ಅಂದಳು. "ಬೆಳಗ್ಗೆ ಎದ್ದು ಕರೆಯೋಕೆ."

ಅವನ ತುಟಿ ಅದೇ ಹೆಸರಿಗೆ ತೆರೆಯಿತು. ಅವಳು ಬೇಡ ಅನ್ನುವಂತೆ ತಲೆಯಾಡಿಸಿ, ಬಾಗಿ ನಮಸ್ಕರಿಸಿ, ಟ್ರಾಮು ಹತ್ತಿದಳು. ಅವನು ಹೇಳಲಿಲ್ಲ.