ಅವನು ಬಿಟ್ಟಿದ್ದೇನು?

"ಏನ್ರೀ, ಮೂರು ಸಲ ಕೇಳ್ದೆ! ಕಿವಿ ಕೇಳ್ಸಲ್ವಾ ನಿಮಗೆ?"

ಸಂಜೆಯ ಇಂಗ್ಲಿಷ್ ತರಗತಿ ಗಪ್‌ಚಿಪ್ಪಾಯಿತು. ಕೊನೆಯ ಬೆಂಚಿನಲ್ಲಿದ್ದ ಅವನು ಟೀಚರ್ ತುಟಿಗಳನ್ನೇ ನೋಡುತ್ತಿದ್ದ. ಪಕ್ಕದಲ್ಲಿದ್ದ ಅವನ ಅಕ್ಕ ಎದ್ದು ನಿಂತಳು.

"ಹೌದು ಮೇಡಂ, ಕೇಳ್ಸಲ್ಲ. ಹುಟ್ಟಿದಾಗ್ಲಿಂದ. ಪ್ರಿಂಟಿಂಗ್ ಪ್ರೆಸ್ಸಲ್ಲಿ ಮಷಿನ್ ರಿಪೇರಿ ಮಾಡ್ತಾನೆ. ಮಷಿನ್ ಜೊತೆ ಬರೋ ಪುಸ್ತಕ ಓದೋಕೆ ಇಂಗ್ಲಿಷ್ ಬೇಕಂತೆ. ನೀವು ಹೇಳಿದ್ದನ್ನ ನಾನು ಸನ್ನೆಯಲ್ಲಿ ಹೇಳ್ತೀನಿ."

ಅಯ್ಯೋ... ಭೂಮಿ ಬಾಯ್ಬಿಡಬಾರದೇ ಎನ್ನಿಸಿತು ಟೀಚರಿಗೆ.

ಅವನು ಮಾತ್ರ ನಕ್ಕ. ಬೋರ್ಡಿನ ಮೇಲಿದ್ದ ‘ಗಿವ್ ಅಪ್’ ಕಡೆ ಬೆರಳು ತೋರಿಸಿದ.

"ನಿಘಂಟಲ್ಲಿ ಸುಮಾರು ಅರ್ಥ ಇದ್ಯಂತೆ. ಯಾವುದು ಅಂತ ಕೇಳ್ತಿದಾನೆ," ಅಂದಳು ಅಕ್ಕ.

ಅವನೇ ಎದ್ದು ಬಂದ. ತುಟಿಯಿಂದ ಸಿಗರೇಟು ಕಿತ್ತೆಸೆದಂತೆ ಬೆರಳು ಝಾಡಿಸಿದ. ಚಟ ಬಿಡುವುದು! ಸರಿದು ನಿಂತು ಅಂಗೈ ಚಾಚಿದ. ಜಾಗ ಬಿಟ್ಟುಕೊಡುವುದು. ಎರಡೂ ಕೈ ಮೇಲೆತ್ತಿ ಶರಣಾದ. ಕೊನೆಗೆ ಹೆಗಲು ಕುಸಿದು, ಬೆರಳೆಲ್ಲ ಸಡಿಲಾಗಿ ಜೋತುಬಿದ್ದವು. ಕೈಚೆಲ್ಲುವುದು...

ಟೀಚರ್ ಸೀಮೆಸುಣ್ಣ ಹಿಡಿದು ನಿಂತೇ ಇದ್ದಳು. ಎಂಟು ವರ್ಷದಿಂದ ಪಾಠ ಮಾಡ್ತಿದ್ದೀನಿ. ಈ ಎರಡು ಪದದಲ್ಲಿ ಇಷ್ಟೆಲ್ಲ ಇದೆಯಾ!

ಆಮೇಲೆ ಅವನೂ ಅವಳಿಗೆ ಮೇಷ್ಟ್ರಾದ. ಆರು ತಿಂಗಳಲ್ಲಿ ಅವಳು ಸನ್ನೆ ಕಲಿತಳು, ಮನಸ್ಸನ್ನೂ ಕೊಟ್ಟಳು. ಹೇಳಲು ಮಾತ್ರ ಧೈರ್ಯ ಸಾಲಲಿಲ್ಲ.

ಅಷ್ಟರಲ್ಲಿ ದೂರದೂರಿನ ದೊಡ್ಡ ಪ್ರೆಸ್ಸಿನಿಂದ ಅವನಿಗೆ ಕೆಲಸದ ಕರೆ ಬಂತು. ಎರಡು ದಿನ ತರಗತಿಯಲ್ಲಿ ಅವನ ಸುಳಿವೇ ಇಲ್ಲ. ಮೂರನೆಯ ದಿನ ಮಧ್ಯಾಹ್ನ ಮೊಬೈಲಿಗೆ ಮೆಸೇಜು. ‘ಐ ಗೇವ್ ಅಪ್.’

ಅವಳು ಮತ್ತೊಮ್ಮೆ ಓದಿದಳು. ಕೈಚೆಲ್ಲಿಬಿಟ್ಟ... ಪಾಠಾನೂ, ನನ್ನನ್ನೂ!

ಅಳು ನುಂಗಿಕೊಂಡು ಅವನು ಕೆಲಸ ಮಾಡುವ ಪ್ರೆಸ್ಸಿಗೆ ಓಡಿದಳು.

ಒಳಗೆ ಯಂತ್ರಗಳ ಆರ್ಭಟ. ಕೆಲಸದವರು ಒಬ್ಬರ ಕಿವಿಗೊಬ್ಬರು ಬಾಯಿಟ್ಟು ಕಿರುಚುತ್ತಿದ್ದರು. ಅವಳನ್ನು ಕಂಡು ಅವನು ಶಾಯಿ ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಂದ.

ಸನ್ನೆಯಲ್ಲೇ ಕೇಳಿದಳು, "ಏನು ಬಿಟ್ರಿ?"

"ಆ ಹೊಸ ಕೆಲಸಾನ."

"ಯಾಕೆ?"

"ಅಲ್ಲಿ ನೀವಿರಲ್ಲ."

ಅವಳ ಕಣ್ಣು ತುಂಬಿ ಬಂತು. ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಮುಟ್ಟುತ್ತಿಲ್ಲ. ಅವನದು ಮಾತ್ರ ಒಂದಕ್ಷರ ಬಿಡದೆ ಅವಳನ್ನು ತಲುಪುತ್ತಿದೆ!

"ಮೂರೇ ಪದ ಬರೆದು ಜೀವ ತೆಗೆದ್ರಲ್ಲ! ಪೂರ್ತಿ ಬರೀಬಾರದಿತ್ತಾ?"

"ಮಿಕ್ಕಿದ್ದನ್ನ ಸಂಜೆ ಎದುರಿಗೇ ಹೇಳೋಣ ಅಂತಿದ್ದೆ."

"ಈಗ್ಲೇ ಹೇಳಿ."

ಅವನು ಸುತ್ತ ನೋಡಿದ. ಎಲ್ಲರೂ ಕೆಲಸ ನಿಲ್ಲಿಸಿ ಇವರನ್ನೇ ನೋಡುತ್ತಿದ್ದರು. ಮುಖ ಕೆಂಪಾಯಿತು. ಆದರೂ ಬೆರಳುಗಳು ತಡವರಿಸಲಿಲ್ಲ.

"ನೀವಂದ್ರೆ ನನಗೆ ಪ್ರಾಣ. ನಿಮ್ಮ ಕೈ ಹಿಡೀಲಾ?"

ಅವಳು ಅಳುತ್ತಲೇ ನಕ್ಕಳು.

"ಹಿಡ್ಕೊಂಡ್ರೆ ಮಾತಾಡೋದು ಹೇಗೆ?"

"ಸ್ವಲ್ಪ ಹೊತ್ತು ಸುಮ್ನಿರೋಣ."

ಅವಳು ಎರಡೂ ಕೈ ನೀಡಿದಳು.